ಓದುತ್ತಿದ್ದಾಗಲೇ ಬದಲಾದದ್ದು

ಅವನಿಗೆ ಬ್ಯಾಕಪ್ಪ ಅಂತ ಹೆಸರಿಟ್ಟದ್ದು ಮೇಸ್ತ್ರಿ. ಕೃತಕ ಕಾಲು ತಯಾರಿಸುವ ಆ ಕಾರ್ಯಾಗಾರಕ್ಕೆ ಕಂಪ್ಯೂಟರ್ ನೋಡಿಕೊಳ್ಳಲು ಸೇರಿದ ಮೊದಲ ವಾರವೇ ಅವನು ಹೋದಲ್ಲಿ ಬಂದಲ್ಲಿ “ಬ್ಯಾಕಪ್ ತಗೊಂಡ್ರಾ, ಬ್ಯಾಕಪ್ ಇದೆಯಾ” ಎಂದು ಎಲ್ಲರ ಪ್ರಾಣ ತಿಂದಿದ್ದ. “ಬಂದ ನೋಡ್ರಪ್ಪಾ ಬ್ಯಾಕಪ್ಪ” ಎಂದು ಮೇಸ್ತ್ರಿ ಒಮ್ಮೆ ಅಂದದ್ದೇ ಸರಿ, ಹೆಸರು ಅಂಟಿಕೊಂಡಿತು. ಅವನಿಗೇನೂ ಬೇಸರವಿರಲಿಲ್ಲ. ಒಳಗೊಳಗೇ ಖುಷಿಯೇ ಆಗಿತ್ತು ಎನ್ನಬೇಕು.

ಕೆಲಸ ಕೊಡಿಸಿದ್ದು ಅತ್ತಿಗೆ. ಅಣ್ಣನ ಹೆಂಡತಿ ಮನೆಗೆ ಕಾಲಿಟ್ಟಾಗ ಇವನಿಗೆ ಒಂಬತ್ತು ವರ್ಷ; ತಾಯಿಯಿಲ್ಲದ ಮೈದುನನ ತಲೆ ಬಾಚಿ, ಮೂಗು ಒರೆಸಿ, ಮಗ್ಗಿ ಬಾಯಿಪಾಠ ಮಾಡಿಸಿ ಬೆಳೆಸಿದವಳು ಅವಳೇ. ಕಾರ್ಯಾಗಾರದಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷದ ಸರ್ವೀಸು. ಕತ್ತಿನಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದುದರಿಂದ ಅವಳು ಎಲ್ಲರಿಗೂ ಟೇಪಕ್ಕ. ಕಾಲು ಕಳೆದುಕೊಂಡು ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ಉಳಿದಿರುವ ಕಾಲಿನ ತುದಿಯಿಂದ ತೊಡೆಯವರೆಗೆ ಹನ್ನೊಂದು ಕಡೆ ಅಳೆಯುವುದು ಅವಳ ಕೆಲಸ. ಟೇಪಕ್ಕ ಅಳೆದಳೆಂದರೆ ಮೇಸ್ತ್ರಿ ಎರಡನೇ ಮಾತಾಡುತ್ತಿರಲಿಲ್ಲ, ಅಚ್ಚು ಹೊಯ್ಯುತ್ತಿದ್ದ. ಮೇಸ್ತ್ರಿ ಯಾರನ್ನೂ ಹೊಗಳುವ ಪೈಕಿಯಲ್ಲ, ಇದನ್ನೂ ಹೇಳಿಬಿಡಬೇಕು.

ಆ ಕಾರ್ಯಾಗಾರದಲ್ಲಿ ಒಂದು ಪದ್ಧತಿಯಿತ್ತು. ಕೃತಕ ಕಾಲು ಮೂರು ವರ್ಷಕ್ಕೊಮ್ಮೆ ಬದಲಾಯಿಸಬೇಕು. ದೂರದೂರದಿಂದ ಬರುವವರು, ಅಳತೆಗೊಂದು ಸಲ, ಹಾಕಿಸಿಕೊಳ್ಳಲೊಂದು ಸಲ ಅಂತ ಅವರನ್ನು ಎರಡೆರಡು ಸಲ ಅಲೆಸುವುದು ಬೇಡವೆಂದು, ಹಳೆಯ ಅಳತೆಯ ಮೇಲೆಯೇ ಹೊಸ ಕಾಲು ಮಾಡಿಟ್ಟು ಕಾಗದ ಬರೆಯುತ್ತಿದ್ದರು. ಬಂದರು, ಹಾಕಿಕೊಂಡರು, ನಡೆದುಕೊಂಡು ಹೋದರು. ಆ ಅಳತೆಗಳೆಲ್ಲ ಕಂಪ್ಯೂಟರಿನ ಒಂದೇ ಒಂದು ಫೈಲಿನಲ್ಲಿದ್ದವು. ಮೊದಲು ಎಲ್ಲರ ಹೆಸರು, ವಿಳಾಸ, ಎಡಗಾಲೋ ಬಲಗಾಲೋ ಎಂಬುದು, ಅಕ್ಷರಮಾಲೆಯ ಕ್ರಮದಲ್ಲಿ. ಅದೆಲ್ಲ ಮುಗಿದ ಮೇಲೆ ಅದೇ ಕ್ರಮದಲ್ಲಿ ಎಲ್ಲರ ಅಳತೆ ಮತ್ತು ಅಚ್ಚಿನ ಚಿತ್ರ. ಹತ್ತನೇ ಹೆಸರಿಗೆ ಹತ್ತನೇ ಅಳತೆ, ನೂರನೇ ಹೆಸರಿಗೆ ನೂರನೇ ಅಳತೆ. ಮೊದಲು ಕಾಗದದ ಚೀಟಿಗಳನ್ನೂ ಕಟ್ಟಿ ಇಡುತ್ತಿದ್ದರು. “ಕಾಗದದ ಕಾಲ ಮುಗೀತು ಅತ್ತಿಗೆ, ನಾನಿಲ್ವಾ?” ಎಂದು ಬ್ಯಾಕಪ್ಪ ಅವನ್ನೆಲ್ಲ ಚೂರು ಮಾಡಿಸಿ ಹಾಕಿದ.

ಬ್ಯಾಕಪ್ ಅಂದರೆ ಏನು ಮಹಾ? ಯಂತ್ರ ಒಂದೊಂದೇ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿ ಇನ್ನೊಂದು ಡಿಸ್ಕಿನಲ್ಲಿ ನಕಲು ಇಡುತ್ತದೆ. ದೊಡ್ಡ ಫೈಲಾದರೆ ಓದಲು ಹತ್ತು ನಿಮಿಷ, ಕಾಲು ಗಂಟೆ ಬೇಕು. ಆ ನಡುವೆ ಯಾರಾದರೂ ಫೈಲನ್ನು ತಿದ್ದಿದರೆ? ಯಂತ್ರ ಕೈಕಟ್ಟಿ ನಿಲ್ಲುವುದಿಲ್ಲ. ಆಗಲೇ ಓದಿದ್ದು ಹಳೆಯದು, ಇನ್ನು ಮುಂದೆ ಓದುವುದು ಹೊಸದು, ಎರಡನ್ನೂ ಕೂಡಿಸಿ ಇಟ್ಟುಬಿಡುತ್ತದೆ. ಇಟ್ಟು, ಕೊನೆಯಲ್ಲಿ ಒಂದು ಸಾಲು ಬರೆಯುತ್ತದೆ: ‘ಓದುತ್ತಿದ್ದಾಗಲೇ ಈ ಫೈಲು ಬದಲಾಯಿತು.’ ಪಾಪ, ಅದರ ಕೆಲಸ ಅದು ಮಾಡಿದೆ. ಉಳಿದದ್ದು ಓದುವವನ ಪಾಲಿಗೆ.

ಬ್ಯಾಕಪ್ಪ ಇದಕ್ಕೆ ಮಧ್ಯಾಹ್ನ ಒಂದು ಗಂಟೆ ನಿಗದಿ ಮಾಡಿದ್ದ. ಊಟದ ಹೊತ್ತು, ಯಾರೂ ಕಂಪ್ಯೂಟರ್ ಮುಟ್ಟುವುದಿಲ್ಲ ಎಂಬ ಲೆಕ್ಕಾಚಾರ. ಮುಟ್ಟುತ್ತಿದ್ದವಳು ಒಬ್ಬಳೇ, ಅತ್ತಿಗೆ. ಬೆಳಿಗ್ಗೆ ಅಳೆದದ್ದನ್ನು ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು, ಎಡಗೈಯಲ್ಲಿ ಚಮಚ, ಬಲಗೈಯ ಒಂದೇ ಬೆರಳಿನಲ್ಲಿ ಟಕ್ ಟಕ್ ಎಂದು ಅವಳು ಹಾಕುತ್ತಿದ್ದದ್ದೇ ಆಗ. ಆ ಹೊತ್ತಿನಲ್ಲಿ ಯಾರೂ “ಟೇಪಕ್ಕಾ” ಎಂದು ಕೂಗುವುದಿಲ್ಲವಲ್ಲ. ಹೊತ್ತು ನಿಗದಿಯಾದ ದಿನವೇ ಅವಳು ಕೇಳಿಯೂ ಇದ್ದಳು.

“ಒಂದರಿಂದ ಎರಡು ಮುಟ್ಬಾರ್ದು ಅಂದ್ಯಲ್ಲೋ, ನಾನು ಅದೇ ಟೈಮಲ್ಲಿ ಹಾಕೋದು. ಪರವಾಗಿಲ್ವಾ?”

ಬ್ಯಾಕಪ್ಪ ಫೋನಿನಲ್ಲಿ ಯಾರದೋ ಕ್ರಿಕೆಟ್ ಸ್ಕೋರು ನೋಡುತ್ತಿದ್ದ. “ನೀವು ಹಾಕೋ ನಾಲ್ಕು ಸಾಲಿಗೆ ಏನಾಗತ್ತೆ ಅತ್ತಿಗೆ? ಆರಾಮಾಗಿ ಹಾಕಿ” ಎಂದ.

ಮರುದಿನದಿಂದ ವರದಿಯಲ್ಲಿ ಕೆಂಪು ಸಾಲು ಕಾಣತೊಡಗಿತು. ದಿನಾ ಅದೇ ಫೈಲು, ಅದೇ ಎಚ್ಚರಿಕೆ. ವರದಿಯ ಒಂದು ಪ್ರತಿ ಮ್ಯಾನೇಜರಿಗೂ ಹೋಗುತ್ತಿತ್ತು. “ಏನ್ರೀ ಇದು ದಿನಾ ಕೆಂಪು?” ಎಂದು ಅವರು ಕೇಳಿದರು. ಅತ್ತಿಗೆಯ ಹತ್ತಿರ ಹೋಗಿ ‘ಎರಡು ಗಂಟೆಯ ಮೇಲೆ ಹಾಕಿ’ ಎಂದಿದ್ದರೆ ಮುಗಿದಿತ್ತು. ಬ್ಯಾಕಪ್ ಹೊತ್ತನ್ನು ತಾನೇ ಬದಲಿಸಿದ್ದರೂ ಮುಗಿದಿತ್ತು. ಆದರೆ ಪರವಾಗಿಲ್ಲ ಎಂದು ತಾನೇ ಅಂದಾಗಿದೆಯಲ್ಲ! ಆ ಎಚ್ಚರಿಕೆಯೊಂದನ್ನು ತೋರಿಸಬೇಡ ಎಂದು ಯಂತ್ರಕ್ಕೆ ಒಂದು ಸಾಲಿನ ಅಪ್ಪಣೆ ಕೊಟ್ಟ. ವರದಿ ಹಸಿರಾಯಿತು. “ಭೇಷ್” ಎಂದರು ಮ್ಯಾನೇಜರ್. ರಜಾದಿನ ಯಾರೂ ಇಲ್ಲದಾಗ ಬ್ಯಾಕಪ್ ಯಾಕೆ ಎಂದು ಅದನ್ನೂ ನಿಲ್ಲಿಸಿದ. ಒಂದಾದರೂ ನೆಟ್ಟಗಿರುವ ನಕಲು ಸಿಗುತ್ತಿದ್ದದ್ದು ಆವತ್ತೇ.

ಹೀಗೆ ಒಂದು ವರ್ಷ ಕಳೆಯಿತು. ಒಂದು ದಿನ ಬೆಳಿಗ್ಗೆ ಡಿಸ್ಕು ಕಿರ್ ಕಿರ್ ಎಂದು ಎರಡು ಸಲ ಸದ್ದು ಮಾಡಿ ಕಣ್ಣು ಮುಚ್ಚಿತು.

ಇಡೀ ಕಾರ್ಯಾಗಾರ ತಲೆಯ ಮೇಲೆ ಕೈಹೊತ್ತು ಕೂತಿತು. ಬ್ಯಾಕಪ್ಪ ಮಾತ್ರ ತೋಳು ಮಡಚಿಕೊಂಡು, ಹಿಂದಿನ ಮಧ್ಯಾಹ್ನದ ನಕಲನ್ನು ತಂದು, ನಾಲ್ಕು ಗಂಟೆಯೊಳಗೆ ಎಲ್ಲವನ್ನೂ ಎಬ್ಬಿಸಿ ನಿಲ್ಲಿಸಿದ. ಅಳತೆಯ ಫೈಲು ತಕರಾರಿಲ್ಲದೆ ತೆರೆದುಕೊಂಡಿತು. ಹೆಸರು ಒತ್ತಿದರೆ ಅಳತೆ ಬಂತು. ಹಿಂದಿನ ದಿನ ಹಾಕಿದ್ದ ಒಬ್ಬ ದರ್ಜಿ ಹೆಂಗಸಿನ ಹೆಸರು ಮಾತ್ರ ಇರಲಿಲ್ಲ. ಅವಳ ಚೀಟಿ ಇನ್ನೂ ಅತ್ತಿಗೆಯ ಏಪ್ರನ್ನಿನ ಜೇಬಿನಲ್ಲೇ ಇತ್ತು, ಮತ್ತೆ ಹಾಕಿದಳು. ಮ್ಯಾನೇಜರ್ ಎಲ್ಲರೆದುರಿಗೆ ಅವನ ಬೆನ್ನು ತಟ್ಟಿ, ಕೆಲಸ ಖಾಯಂ ಮಾಡುವ ಮಾತಾಡಿದರು. “ನಮ್ಮ ಮೈದುನ” ಎಂದು ಅತ್ತಿಗೆ ಪಕ್ಕದವಳಿಗೆ ಹೇಳಿದಳು. ಅದು ಅಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ, ಆದರೂ ಹೇಳಿದಳು.

ಮೂರು ವಾರದ ಮೇಲೆ ಕ್ಷೌರದಂಗಡಿಯವ ಕುಂಟಿಕೊಂಡು ಬಂದ. ಹತ್ತು ದಿನದ ಹಿಂದೆ ಹೊಸ ಕಾಲು ಹಾಕಿಸಿಕೊಂಡು ಹೋಗಿದ್ದವನು. ಹಾಕಿಕೊಂಡಾಗಲೇ “ಬಿಗಿ ಆಯ್ತು” ಅಂದಿದ್ದ; “ಹೊಸದಲ್ವಾ, ಎರಡು ದಿನ ಕಚ್ಚತ್ತೆ” ಎಂದು ಮೇಸ್ತ್ರಿ ಕಳಿಸಿದ್ದ. ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತೇ ಕೆಲಸ. ಪ್ಯಾಂಟು ಮಡಚಿ ತೋರಿಸಿದರೆ ಮೊಂಡುಗಾಲಿನ ಚರ್ಮ ಕಿತ್ತುಬಂದು ಕೀವು ತುಂಬಿತ್ತು. ಮರುವಾರ ಒಬ್ಬ ಶಾಲಾ ಶಿಕ್ಷಕಿ. ಅವಳ ಕಾಲು ಎರಡು ಬೆರಳು ಉದ್ದ. ಅದರ ಮರುದಿನ ಮತ್ತೊಬ್ಬ.

ಕ್ಷೌರದಂಗಡಿಯವ ಬಿಟ್ಟುಹೋಗಿದ್ದ ಕೃತಕ ಕಾಲನ್ನು ಮೇಸ್ತ್ರಿ ಬೆಂಚಿನ ಮೇಲೆ ಕುಕ್ಕಿದ. “ನಾನು ಅಚ್ಚು ಹೊಯ್ದಿರೋದು ಬರೆದಿರೋ ಅಳತೆಗೆ. ಬೇಕಾದ್ರೆ ಯಾರಾದ್ರೂ ಅಳೆದು ನೋಡಿ, ಕೂದಲೆಳೆ ವ್ಯತ್ಯಾಸ ಇದ್ರೆ ನನ್ನ ಕೇಳಿ. ಟೇಪಕ್ಕಾ, ನೀವು ಏನು ನೋಡ್ಕೊಂಡು ಅಳೆದ್ರಿ?”

ಅತ್ತಿಗೆ ಬರೆದಿದ್ದ ಅಂಕಿಗಳನ್ನು ನೋಡಿದಳು, ಬೆಂಚಿನ ಮೇಲಿನ ಆ ಕಾಲನ್ನು ನೋಡಿದಳು. “ನಾನೇ ಅಳೆದಿದ್ದು” ಎಂದಳು. “ಹೇಗೆ ತಪ್ಪಿದೆನೋ ಗೊತ್ತಾಗ್ತಿಲ್ಲ.”

ಯಾರೂ ಬ್ಯಾಕಪ್ಪನ ಕಡೆ ತಿರುಗಲಿಲ್ಲ. ಯಾಕೆ ತಿರುಗುತ್ತಾರೆ, ವರದಿ ಹಸಿರಿತ್ತಲ್ಲ! ಅವನಿಗೆ ಮಾತ್ರ ಆ ಕೆಂಪು ಸಾಲು ನೆನಪಾಯಿತು. ಎಲ್ಲರೂ ಹೊರಟ ಮೇಲೆ ಕೂತು ಆ ಫೈಲನ್ನು ಮೊದಲಿನಿಂದ ನೋಡುತ್ತಾ ಬಂದ. ನಡುವೆ ಒಂದು ಕಡೆ ಕೈ ನಿಂತಿತು. ಆವತ್ತಿನ ದರ್ಜಿ ಹೆಂಗಸು, ಐದಡಿಯೂ ಇಲ್ಲದವಳು. ಪಟ್ಟಿಯಲ್ಲಿ ಅವಳ ಕೆಳಗಿನವನು ಆರಡಿ ಎತ್ತರದ ಲಾರಿ ಡ್ರೈವರು. ಇಬ್ಬರ ಹನ್ನೊಂದು ಅಳತೆಗಳೂ ಮಿಲಿಮೀಟರಿನವರೆಗೆ ಒಂದೇ.

ಏನಾಗಿದೆ ಎಂದು ಅರ್ಥವಾಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಆ ಮಧ್ಯಾಹ್ನ ಯಂತ್ರ ಹೆಸರುಗಳನ್ನು ಓದಿ ಮುಗಿಸಿದಾಗ ದರ್ಜಿ ಪಟ್ಟಿಯಲ್ಲಿರಲಿಲ್ಲ. ಅಷ್ಟರಲ್ಲಿ ಅತ್ತಿಗೆ ಅವಳನ್ನು ಸೇರಿಸಿದಳು. ಯಂತ್ರ ಅಳತೆಗಳನ್ನು ಓದುವಾಗ ಅವಳ ಅಳತೆ ಬಂದು ನಡುವೆ ಕೂತಿತ್ತು. ಬೆಂಚಿನ ನಡುವೆ ಒಬ್ಬರು ಬಂದು ಕೂತರೆ ಉಳಿದವರೆಲ್ಲ ಒಂದೊಂದು ಜಾಗ ಸರಿಯುತ್ತಾರಲ್ಲ, ಹಾಗೆ ಅಲ್ಲಿಂದ ಕೆಳಗಿನ ಎಲ್ಲರ ಅಳತೆಯೂ ಸರಿದು ಕೂತಿತ್ತು. ಡ್ರೈವರಿಗೆ ದರ್ಜಿಯ ಕಾಲು, ಅವನ ಕೆಳಗಿನವರಿಗೆ ಡ್ರೈವರನ ಕಾಲು. ನಾನೂರ ಹದಿನಾರು ಜನ, ಒಬ್ಬೊಬ್ಬರಿಗೂ ಇನ್ನೊಬ್ಬರ ಕಾಲು.

ಹೆಚ್ಚಾಗಿದ್ದ ಒಂದು ಅಳತೆಯನ್ನು ಅಳಿಸಿದ. ನಾನೂರ ಹದಿನಾರು ಅಳತೆಗಳೂ ಒಂದೊಂದು ಮೆಟ್ಟಿಲು ಹತ್ತಿ ತಮ್ಮ ತಮ್ಮ ಹೆಸರಿನ ಪಕ್ಕ ಕೂತವು. ಕ್ಷೌರದಂಗಡಿಯವನ ಅಳತೆ ತೆಗೆದು ನೋಡಿದ. ಮೂರು ವರ್ಷದ ಹಿಂದೆ ಅತ್ತಿಗೆ ಅಳೆದದ್ದು ಸರಿಯಾಗಿಯೇ ಇತ್ತು.

ಬೆಳಿಗ್ಗೆ ಹೇಳಿಬಿಡಬೇಕು ಎಂದುಕೊಂಡೇ ಮನೆಗೆ ಹೋದ. ಇದು ಸುಳ್ಳಲ್ಲ, ನಿಜವಾಗಿ ಅಂದುಕೊಂಡಿದ್ದ. ಆದರೆ ಬೆಳಿಗ್ಗೆ ಕಾರ್ಯಾಗಾರಕ್ಕೆ ಹೋಗುವಷ್ಟರಲ್ಲಿ ಮೇಸ್ತ್ರಿ ಅತ್ತಿಗೆಯ ಕತ್ತಿನಿಂದ ಟೇಪು ಬಿಚ್ಚಿಸಿ ಪಾಲಿಶ್ ಮಾಡುವವನ ಕೈಗೆ ಕೊಟ್ಟಾಗಿತ್ತು. ಅತ್ತಿಗೆಯನ್ನು ಬೆಲ್ಟುಗಳಿಗೆ ಬಕಲ್ ಹೊಲಿಯಲು ಕೂರಿಸಿದ್ದರು. ಮ್ಯಾನೇಜರ್ ಬ್ಯಾಕಪ್ಪನನ್ನು ಕರೆದು ಖಾಯಂ ಆದೇಶದ ಕಾಗದ ಕೊಟ್ಟು, “ನಿಮ್ಮ ಅತ್ತಿಗೆ ವಿಷಯ ಮನಸ್ಸಿಗೆ ಹಚ್ಕೋಬೇಡಿ, ವಯಸ್ಸಾದ್ಮೇಲೆ ಕಣ್ಣು ಎಲ್ಲರಿಗೂ ಕೈಕೊಡತ್ತೆ” ಎಂದರು. ಅವನು ಕಾಗದ ತೆಗೆದುಕೊಂಡ. ಮಧ್ಯಾಹ್ನ ಹೇಳೋಣ ಎಂದುಕೊಂಡ. ಮಧ್ಯಾಹ್ನ, ಸಂಜೆ ಮನೆಯಲ್ಲಿ ಹೇಳುವುದೇ ಲೇಸು ಎನ್ನಿಸಿತು. ಮನೆಯಲ್ಲಿ ಅಣ್ಣನಿದ್ದ.

ಒಂದು ದಿನ ಕಳೆದರೆ ಎರಡನೇ ದಿನ ಹೇಳುವುದು ಕಷ್ಟ. ಎರಡು ಕಳೆದರೆ ‘ನಿನ್ನೆ ಯಾಕೆ ಹೇಳಲಿಲ್ಲ’ ಎಂಬುದಕ್ಕೂ ಉತ್ತರ ಬೇಕು. ಹೀಗೇ ಸಾಲು ಹಿಡಿಯಿತು. ಅದಕ್ಕಿಂತ ಕೆಟ್ಟದ್ದೊಂದು ನಡೆಯುತ್ತಿತ್ತು, ಅದನ್ನು ಅವನು ಊಹಿಸಿಯೂ ಇರಲಿಲ್ಲ. ಫೈಲು ಸರಿಯಾಗಿತ್ತಲ್ಲ, ಆಮೇಲೆ ಮಾಡಿದ ಕಾಲುಗಳೆಲ್ಲ ಸರಿಯಾಗಿ ಕೂತವು. ಒಂದೂ ಕಚ್ಚಲಿಲ್ಲ, ಒಂದೂ ಉದ್ದವಾಗಲಿಲ್ಲ.

“ನೋಡಿದ್ರಾ?” ಎಂದ ಮೇಸ್ತ್ರಿ, ಪಾಲಿಶಿನವನ ಭುಜ ತಟ್ಟುತ್ತಾ. “ಟೇಪು ಕೈ ಬದಲಾಯ್ತು, ಒಂದು ದೂರು ಇಲ್ಲ.” ಅಳತೆಗಳೆಲ್ಲ ಟೇಪಕ್ಕನವೇ, ಪಾಲಿಶಿನವನು ಅಳೆದವರ ಕಾಲು ಇನ್ನೂ ಅಚ್ಚಿಗೇ ಬಂದಿಲ್ಲ ಎಂಬುದನ್ನು ಯಾರೂ ಯೋಚಿಸಲಿಲ್ಲ. ಯೋಚಿಸಬಲ್ಲವನೊಬ್ಬ ಅಲ್ಲೇ ಕೀಬೋರ್ಡು ಒರೆಸುತ್ತಾ ನಿಂತಿದ್ದ. ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ. ಕದ್ದು ತಿದ್ದಿದ್ದೇ ಅತ್ತಿಗೆಯ ಮೇಲೆ ಸಾಕ್ಷಿಯಾಗಿ ನಿಂತಿತ್ತು.

ಅತ್ತಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಳು. ಇರುವ ಕನ್ನಡಕವೇ ಸಾಕು ಎಂದರಂತೆ. “ಅವರಿಗೇನು ಗೊತ್ತು” ಎಂದು ಇನ್ನೊಬ್ಬ ಡಾಕ್ಟರ ಹತ್ತಿರ ಹೋದಳು. ಕ್ಷೌರದಂಗಡಿಯವನ ಮನೆ ಹುಡುಕಿಕೊಂಡು ಹೋಗಿ, “ನನ್ನಿಂದ ನಿಮಗೆ ಹೀಗಾಯ್ತು” ಎಂದು ಕೈಮುಗಿದು, ಅವನು ಬೇಡಬೇಡವೆಂದರೂ ಕಾಲಿನ ಹುಣ್ಣು ತೊಳೆದು ಬಟ್ಟೆ ಕಟ್ಟಿ ಬಂದಳು. ಒಂದು ಸಲವಲ್ಲ, ಮೂರು ದಿನಕ್ಕೊಮ್ಮೆ. ಮನೆಯಲ್ಲಿ ಉಪ್ಪಿನ ಡಬ್ಬಿಯ ಮುಂದೆ ನಿಂತು, “ಇದು ಉಪ್ಪೇ ತಾನೇ?” ಎಂದು ಕೇಳುವ ಮಟ್ಟಿಗೆ ಬಂದಳು. ಅಣ್ಣ ತಮಾಷೆಗೆ ನಕ್ಕ. ಬ್ಯಾಕಪ್ಪನಿಗೆ ತಟ್ಟೆಯಿಂದ ತಲೆ ಎತ್ತಲು ಆಗಲಿಲ್ಲ.

“ಯಾಕೋ ಸರಿಯಾಗಿ ಊಟ ಮಾಡ್ತಿಲ್ಲ?” ಎಂದು ಅತ್ತಿಗೆ ಅವನಿಗೇ ಇನ್ನಷ್ಟು ಬಡಿಸಿದಳು. “ನನ್ನ ಚಿಂತೆ ಮಾಡ್ತಿದ್ದೀಯಾ? ಬಿಡು ಮಾರಾಯ, ಆಗೋದು ಆಯ್ತು.”

ಹತ್ತೊಂಬತ್ತನೆಯ ದಿನ ಸಂಜೆ, ಅಣ್ಣ ಇನ್ನೂ ಬಂದಿರಲಿಲ್ಲ. ಅತ್ತಿಗೆ ಅಡುಗೆಮನೆಯ ಮೇಜು ಒರೆಸಿ, ಅವನ ಲ್ಯಾಪ್‌ಟಾಪನ್ನು ತಾನೇ ತಂದಿಟ್ಟಳು.

“ಒಂದು ಕಾಗದ ಟೈಪ್ ಮಾಡ್ಕೊಡು. ನಾನು ಹೇಳ್ತೀನಿ, ನೀನು ಭಾಷೆ ಸರಿ ಮಾಡ್ಕೋ.”

“ಏನು ಕಾಗದ?”

“ಕೆಲಸ ಬಿಡೋದಕ್ಕೆ. ಬಕಲ್ ಹೊಲಿಯೋಕೆ ನಾನೇ ಆಗ್ಬೇಕಾ? ಅವರೇ ಕಳಿಸೋ ಮುಂಚೆ ನಾನೇ ಹೊರಟರೆ ಮರ್ಯಾದೆ.” ಕುರ್ಚಿ ಎಳೆದು ಕೂತಳು. “ಬರಿ. ಇಪ್ಪತ್ತೆರಡು ವರ್ಷದಿಂದ ಅಳತೆ ವಿಭಾಗದಲ್ಲಿ ಕೆಲಸ ಮಾಡುತ್ತಿರುವ ನಾನು… ಬರೆದ್ಯಾ?”

“ಹ್ಞೂಂ.”

“ಇತ್ತೀಚೆಗೆ ನನ್ನ ದೃಷ್ಟಿ ಮಂದವಾಗಿದ್ದು, ನನ್ನ ತಪ್ಪು ಅಳತೆಗಳಿಂದ ಮೂರು ಜನರಿಗೆ ನೋವಾಗಿರುವುದರಿಂದ…”

‘ನನ್ನ ತಪ್ಪು’ ಎಂದು ಹೊಡೆಯುವಷ್ಟರಲ್ಲಿ ಅವನ ಬೆರಳು ನಿಂತುಹೋಯಿತು. ಪರದೆಯ ಮೇಲೆ ಆ ಎರಡು ಪದ ಹಾಗೇ ಉಳಿದವು. ಅತ್ತಿಗೆ ಬಗ್ಗಿ ನೋಡಿದಳು.

“ಯಾಕೋ?”

“ನಿಮ್ಮದಲ್ಲ ಅತ್ತಿಗೆ” ಎಂದ. “ನಂದು. ನಿಮ್ಮ ಅಳತೆ ಸರಿ ಇತ್ತು. ಬ್ಯಾಕಪ್ಪು ತಪ್ಪಿತ್ತು.”

ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲ ಹೇಳಿದ. ಊಟದ ಹೊತ್ತು, ಯಂತ್ರ ಓದುವುದು, ಅವಳು ಕೇಳಿದ್ದು, ತಾನು ಫೋನು ನೋಡುತ್ತಾ ಪರವಾಗಿಲ್ಲ ಎಂದದ್ದು, ಕೆಂಪು ಸಾಲು, ಅದನ್ನು ಹಸಿರು ಮಾಡಿದ್ದು, ದರ್ಜಿ, ಲಾರಿ ಡ್ರೈವರು. ಒಂದನ್ನೂ ಮುಚ್ಚಿಡಲಿಲ್ಲ. ಮುಖ ಮಾತ್ರ ಎತ್ತಲಿಲ್ಲ.

ಅತ್ತಿಗೆ ಬೈಯುತ್ತಾಳೆ, ಅಳುತ್ತಾಳೆ, ಎದ್ದು ಹೋಗುತ್ತಾಳೆ ಎಂದುಕೊಂಡಿದ್ದ. ಅವಳು ಅವನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಅಂದ್ರೆ ನನ್ನ ಕಣ್ಣು ಸರಿ ಇದೆಯಾ?”

“ಸರಿ ಇದೆ.”

“ಕ್ಷೌರದಂಗಡಿಯವರದ್ದು? ಅದೂ ನಾನು ಸರಿಯಾಗೇ ಅಳೆದಿದ್ನಾ?”

“ಒಂದು ಮಿಲಿಮೀಟರೂ ತಪ್ಪಿಲ್ಲ.”

“ಅಯ್ಯೋ ದೇವರೇ” ಎಂದಳು. ನಕ್ಕಳು. ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು. ಅವಳ ಖುಷಿ ನೋಡಲಾಗದೆ ಅವನು ಕಣ್ಣು ಮುಚ್ಚಿಕೊಂಡ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಅವಳ ನಗು ನಿಂತಿತು.

“ನಿನಗೆ ಯಾವಾಗ ಗೊತ್ತಾಯ್ತು?”

ಸುಳ್ಳು ಹೇಳಬಹುದಿತ್ತು. ಇವತ್ತೇ ಎನ್ನಬಹುದಿತ್ತು. “ನಿಮ್ಮ ಟೇಪು ಕಿತ್ಕೊಂಡ ಹಿಂದಿನ ದಿನ” ಎಂದ.

ಅವಳು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದಳು. ಎಣಿಸಿ ಮುಗಿಸಿ, ಅವನ ಕಡೆ ತಿರುಗದೆಯೇ ಹೇಳಿದಳು. “ಹತ್ತೊಂಬತ್ತು ದಿನ. ಹತ್ತೊಂಬತ್ತು ದಿನ ನನ್ನೆದುರು ಕೂತು ಊಟ ಮಾಡಿದ್ಯಲ್ಲೋ.”

ಅವಳು ಒಳಗೆ ಹೋದಳು. ಆವತ್ತು ಅಣ್ಣ ಬಂದ ಮೇಲೆ ಅಣ್ಣನೇ ತನಗೂ ತಮ್ಮನಿಗೂ ಬಡಿಸಿದ. ಅತ್ತಿಗೆ ಹಸಿವಿಲ್ಲ ಎಂದಳು.

ಮರುದಿನ ಬ್ಯಾಕಪ್ಪ ಖಾಯಂ ಕಾಗದವನ್ನು ಮ್ಯಾನೇಜರ ಮೇಜಿನ ಮೇಲಿಟ್ಟು, ಎಲ್ಲರನ್ನೂ ಕರೆಸಿ ಎಂದ. ಕರೆಸಿದರು. ಮನೆಯಲ್ಲಿ ಹೇಳಿದ್ದನ್ನೆಲ್ಲ ಅಲ್ಲಿ ನಿಂತು ಮತ್ತೆ ಹೇಳಿದ. ಕೊನೆಗೆ ಮೇಸ್ತ್ರಿ, “ಥೂ ನಿನ್ನ” ಎಂದ. ಎಂದವನು ತನ್ನ ಪಾಲೂ ನೆನಪಾಗಿಯೋ ಏನೋ ಅಲ್ಲಿಗೇ ನಿಲ್ಲಿಸಿ, ಪಾಲಿಶಿನವನ ಕತ್ತಿನಿಂದ ಟೇಪು ಎಳೆದು ಎರಡೂ ಕೈಯಲ್ಲಿ ಅತ್ತಿಗೆಗೆ ಕೊಟ್ಟ. “ತಪ್ಪಾಯ್ತು ಟೇಪಕ್ಕ” ಎಂದ. ಮ್ಯಾನೇಜರ್ ಖಾಯಂ ಕಾಗದವನ್ನು ಡ್ರಾಯರಿಗೆ ಹಾಕಿ, “ನಿಮ್ಮದು ಆಮೇಲೆ ನೋಡೋಣ” ಎಂದರು. ಬ್ಯಾಕಪ್ಪನಿಗೆ ಆ ಶಿಕ್ಷೆ ಕಡಿಮೆಯೆಂದೇ ಅನ್ನಿಸಿತು.

ಹುಣ್ಣು ಮಾಗಿದ ಮೇಲೆ ಕ್ಷೌರದಂಗಡಿಯವ ಬಂದ. ಗಾಯದಿಂದ ಕಾಲಿನ ಆಕಾರವೇ ಬದಲಾಗಿತ್ತು, ಹೊಸದಾಗಿ ಅಳೆಯಬೇಕು. ಬ್ಯಾಕಪ್ಪ ಅವನ ಮುಂದೆಯೂ ನಿಂತು ಹೇಳಬೇಕಾದ್ದನ್ನು ಹೇಳಿದ. ಕ್ಷೌರದಂಗಡಿಯವ ಕೇಳಿಸಿಕೊಂಡು, “ಪಾಪ, ಆಯಮ್ಮನ ಹತ್ರ ಬಟ್ಟೆ ಕಟ್ಟಿಸ್ಕೊಂಡೆನಲ್ಲಪ್ಪಾ ನಾನು” ಎಂದಷ್ಟೇ ಅಂದು ಬೆಂಚಿನ ಮೇಲೆ ಕೂತ.

ಅತ್ತಿಗೆ ಮಂಡಿಯೂರಿ ಟೇಪು ಸುತ್ತಿದಳು. ಒಂದು ಅಂಕಿ ಹೇಳಿದಳು. ಬ್ಯಾಕಪ್ಪ ಕಾಗದದ ಚೀಟಿಯಲ್ಲಿ ಬರೆದುಕೊಂಡ.

“ಇರು” ಎಂದಳು. ಟೇಪು ಬಿಚ್ಚಿ ಮತ್ತೆ ಸುತ್ತಿದಳು. ಅದೇ ಅಂಕಿ. ಕನ್ನಡಕ ಮೇಲಕ್ಕೆ ತಳ್ಳಿ, ಮೂರನೇ ಸಲ ಸುತ್ತಿ, ಬಗ್ಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು.

“ಏನು ಟೇಪಕ್ಕ” ಎಂದು ಕ್ಷೌರದಂಗಡಿಯವ ನಕ್ಕ, “ಮೊದಲೆಲ್ಲ ಒಂದೇ ಸಲಕ್ಕೆ ಹೇಳಿಬಿಡ್ತಿದ್ರಿ.”

ಅತ್ತಿಗೆ ಟೇಪನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದುಕೊಂಡು, ಎಷ್ಟೋ ದಿನದ ಮೇಲೆ ಮೈದುನನ ಮುಖ ನೋಡಿದಳು.

“ಇಲ್ಲಿ ಬಾ” ಎಂದಳು. “ಎಷ್ಟಿದೆ, ನೀನೊಂದ್ಸಲ ನೋಡಿ ಹೇಳು.”